ಕೋವಿ ಇರೋ ಮನೆಯೋರೆಲ್ಲ ಮೊದ್ಲು .22 ರೈಫಲಲ್ಲಿ ಕೈ ಪಳಗಿಸ್ಲಿ

ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ ಕೋವಿ ಇರೋದು ಹೊಸದೇನಲ್ಲ. ಆಯುಧಪೂಜೆ ದಿನ ಅದಕ್ಕೆ ಕುಂಕುಮ ಹಚ್ಚಿ ಚೆಂಡುಹೂ ಇಡ್ತೀವಿ, ಎಲೆಕ್ಷನ್ ಬಂತು ಅಂದ್ರೆ ಸ್ಟೇಷನ್ನಿಗೆ ಕೊಟ್ಟು ರಶೀದಿ ಇಸ್ಕೊಂಡು ಬರ್ತೀವಿ, ಮಳೆಗಾಲದಲ್ಲಿ ತುಕ್ಕು ಹಿಡೀಬಾರ್ದು ಅಂತ ಎಣ್ಣೆ ಬಟ್ಟೆಲಿ ಒರೆಸಿ ಇಡ್ತೀವಿ. ಗುರಿ ಅಭ್ಯಾಸ ಮಾತ್ರ ಯಾರೂ ಮಾಡಲ್ಲ. ಮಾಡೋದಾದ್ರೂ ಹೆಂಗೆ ಹೇಳಿ, 12 ಬೋರ್, ಅಂದ್ರೆ ನಮ್ಮ ಚರೆ ಕೋವಿ, ಅದರ ತೋಟಾದ ರೇಟು ಕೇಳಿದ್ರೆ ಒಂದು ಈಡು ಹೊಡೆಯೋಕೂ ಮನಸ್ಸು ಬರಲ್ಲ, ಜೊತೆಗೆ ಲೈಸೆನ್ಸ್ ಪುಸ್ತಕದಲ್ಲಿ ಇಷ್ಟೇ ತೋಟಾ ಅಂತ ಬೇರೆ ಬರೆದಿರ್ತದೆ, ಇದ್ದ ನಾಲ್ಕು ತೋಟಾನೂ ತೋಟಕ್ಕೆ ಹಂದಿ ಬಂದಾಗ ಗಾಳಿಲಿ ಹಾರಿಸೋಕೇ ಬೇಕಲ್ಲ.

ಹಿಂಗಾಗಿ ಏನಾಗಿದೆ ಅಂದ್ರೆ ಮನೆ ಹುಡುಗರು ಮೊದಲ ಸಲ ಕೋವಿ ಹಿಡಿಯೋದೇ 12 ಬೋರಲ್ಲಿ. ಅದು ಭುಜಕ್ಕೆ ಒದೆಯೋ ರೀತಿ, ಆ ಸದ್ದು, ಒಂದೇ ಈಡಿಗೆ ಹೆದರಿಕೆ ಮೈಯಲ್ಲಿ ಕೂತ್ಬಿಡ್ತದೆ. ಆಮೇಲೆ ಟ್ರಿಗರ್ ಮುಟ್ಟೋಕೆ ಮೊದಲೇ ಕಣ್ಣು ಮುಚ್ಕೊಳ್ತಾರೆ, ಭುಜ ಹಿಂದಕ್ಕೆಳೀತಾರೆ. ಚರೆ ಹರಡ್ಕೊಂಡು ಹೋಗೋದ್ರಿಂದ ಎಲ್ಲಿ ತಪ್ಪಿತು ಅಂತಾನೂ ಗೊತ್ತಾಗಲ್ಲ.

ನಾನು ಹೇಳೋದು ಇಷ್ಟೇ, ಕಲಿಯೋಕೆ ಹಗುರದ .22 (ನಳಿಗೆ ತೂತು ಸುಮಾರು 0.22 ಇಂಚು) ರೈಫಲ್ ಬಿಟ್ರೆ ಬೇರೆ ಸರಿಯಾದ ದಾರಿ ಇಲ್ಲ. ಇದಕ್ಕೆ ಹಾಕೋದು 1887ರಿಂದ ಬಳಕೆಲಿರೋ .22 ಲಾಂಗ್ ರೈಫಲ್ ಅನ್ನೋ ಸಣ್ಣ ತೋಟಾ, ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದ್ರೆ ಎರಡೂವರೆ ಗ್ರಾಂ ಚಿಲ್ಲರೆ. ಇದಕ್ಕೆ ಬೇರೆ ಕೇಪಿಲ್ಲ, ಹೊತ್ತಿಸೋ ಮದ್ದು ತೋಟಾದ ಬುಡದ ಅಂಚಿನೊಳಗೇ ಇರ್ತದೆ, ಪಿನ್ನು ಆ ಅಂಚಿಗೇ ಬಡಿಯೋದು, ಅದಕ್ಕೇ ರಿಮ್‌ಫೈರ್ ಅನ್ನೋದು. ಖಾಲಿ ಕೇಸನ್ನ ಮತ್ತೆ ತುಂಬೋಕಾಗಲ್ಲ, ಆದ್ರೆ ತಯಾರಿಕೆ ಸುಲಭ, ಸಾಮಾನು ಕಮ್ಮಿ, ಹಂಗಾಗಿ ಒಂದು 12 ಬೋರ್ ತೋಟಾದ ದುಡ್ಡಲ್ಲಿ ಮಾಮೂಲಿ .22ದು ಹಲವು ಈಡು ಹೊಡೀಬಹುದು. ಒದೆತ ಇಲ್ಲ ಅಂತ್ಲೇ ಹೇಳ್ಬೇಕು.

ಶಿವಮೊಗ್ಗದಲ್ಲಿ ನಾಗರಿಕ ಬಂದೂಕು ತರಬೇತಿಗೆ ಹೋದಾಗ ನೋಡಿದ್ದು ಹೇಳ್ತೀನಿ. ಪಕ್ಕದಲ್ಲಿ ಮಲಗಿ ಗುರಿ ಇಟ್ಟಿದ್ದ ಒಬ್ಬ ಹುಡುಗನ ತೋಟಾ ಸಿಡೀಲಿಲ್ಲ, ಬರೀ ಟಕ್ ಅಂತು. ಆದ್ರೆ ನಳಿಗೆ ತುದಿ ಗಪ್ ಅಂತ ಕೆಳಗೆ ಬಿತ್ತು! ಈಡು ಹಾರಿದ್ರೆ ಆ ಅದುರಾಟ ಯಾರಿಗೂ ಕಾಣ್ತಿರ್ಲಿಲ್ಲ. ಹೇಳಿಕೊಡೋ ಸಾಹೇಬ್ರು ನಳಿಗೆ ಮುಂದಕ್ಕೇ ಇರ್ಲಿ ಅಂತ ಸ್ವಲ್ಪ ಹೊತ್ತು ಕಾಯಿಸಿದ್ರು, ತಡವಾಗಿ ಸಿಡಿಯೋ ಸಾಧ್ಯತೆ ಇರ್ತದಲ್ಲ, ಆಮೇಲೆ ಬೋಲ್ಟ್ ತೆಗೆಸಿ "ನೋಡು ತಮ್ಮಾ, ಗುರಿ ಸರಿಯಾಗೇ ಇತ್ತು, ಕೈ ಹೆದರ್ತು" ಅಂದ್ರು. ಉಸಿರು ಅರ್ಧ ಬಿಟ್ಟು ಹಿಡಿ, ಟ್ರಿಗರನ್ನ ಬೆರಳ ತುದಿಲಿ ಮೆಲ್ಲಗೆ ಅದುಮು, ಸಿಡಿಯೋದು ನಿಂಗೇ ಗೊತ್ತಾಗಬಾರ್ದು ಅಂತ ಹೇಳಿಕೊಟ್ಟ ಮೇಲೆ ಕಾಗದದ ಮೇಲಿನ ತೂತುಗಳು ಒಂದ್ಕಡೆ ಸೇರ್ತಾ ಬಂದ್ವು. ಅಂಗೈಯಷ್ಟಗಲ ಚೆದುರಿದ್ದಿದ್ದು ಎರಡು ಬೆರಳಷ್ಟಾಯ್ತು. 12 ಬೋರಲ್ಲಿ ಇದನ್ನ ಒಂದು ಮಧ್ಯಾಹ್ನಕ್ಕೆ ಕಲಿಸೋಕೆ ಯಾರಿಗಾದ್ರೂ ಆಗ್ತದಾ?

ಹಗುರ ಇದ್ರೆ ಅಲ್ಲಾಡ್ತದೆ ಅಂತಾರೆ, ನಿಜ. ಸ್ಪರ್ಧೆಗೆ 8 ಕೆಜಿವರೆಗಿನ ರೈಫಲ್ ಬಳಸೋದು ಅದಕ್ಕೇ. 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯೋ ಸ್ಪರ್ಧೆ) ಕಂಚು ತಂದ್ರಲ್ಲ, ಅದೂ ಇದೇ .22 ತೋಟಾದ ಆಟ. ಅಲ್ಲಿ ಗುರಿ ಕಾಗದದ ನಡುವಿನ ಹತ್ತು ಅಂಕದ ವೃತ್ತ 10.4 ಮಿಮೀ ಅಗಲ, ಒಂದು ಒಣ ಅಡಿಕೆಗಿಂತ ಸಣ್ಣದು! ಆದ್ರೆ ಕಲಿಯೋರಿಗೆ ಹಗುರದ್ದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ, ಎರಡೂವರೆ ಮೂರು ಕೆಜಿ ಆದ್ರೆ ತೋಳು ಸೋಲಲ್ಲ, ಹೆಣ್ಮಕ್ಕಳೂ ಆರಾಮಾಗಿ ಹಿಡೀತಾರೆ. ನಮ್ಮ ಎನ್‌ಸಿಸಿ ಮಕ್ಕಳು ಕಲಿಯೋದೂ .22ರಲ್ಲೇ ತಾನೆ.

ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಸಣ್ಣ ಗುಂಡು ಅಂತ ಹಕ್ಕಲಲ್ಲಿ ಡಬ್ಬ ಇಟ್ಟು ಹೊಡೆಯೋದೆಲ್ಲ ಬೇಡ್ವೇ ಬೇಡ. ಇದು ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಲ್ಲದು, ಕಲ್ಲಿಗೋ ನೀರಿಗೋ ತಾಗಿದ್ರೆ ಎತ್ತಲೋ ಸಿಡೀತದೆ. ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರೋ ರೇಂಜಲ್ಲೇ ಹೊಡೀಬೇಕು. ಶಿಕಾರಿ ಮಾತಂತೂ ಎತ್ತೋದೇ ಬೇಡ, ಅದು ಅಪರಾಧ. ಮನೇಲಿ ಖಾಲಿ ಟ್ರಿಗರ್ ಎಳೆದು ಅಭ್ಯಾಸ ಮಾಡೋರೂ ಹುಷಾರು, ಎಷ್ಟೋ ರಿಮ್‌ಫೈರ್‌ಗಳಲ್ಲಿ ಪಿನ್ನು ನಳಿಗೆ ಅಂಚಿಗೇ ಬಡಿದು ಹಾಳಾಗ್ತದೆ. ಮನೆ ಅಭ್ಯಾಸಕ್ಕೆ ಗಾಳಿ ಒತ್ತಡದಲ್ಲಿ ಹೊಡೆಯೋ .177 ಏರ್ ರೈಫಲ್ ಇಟ್ಕೊಳ್ಳಿ, ಗುಂಡಿನ ಶಕ್ತಿ 20 ಜೌಲ್ ಒಳಗಿಂದಾದ್ರೆ ಲೈಸೆನ್ಸೂ ಬೇಡ.

ಹಂದಿ ಅಂತ ಹೊಡೆದ ಈಡು ಜೊತೆಗಾರನಿಗೇ ತಾಗಿದ ಸುದ್ದಿ ಮಲೆನಾಡಲ್ಲಿ ಓದ್ತಾನೇ ಇರ್ತೀವಿ, ಓದಿದಾಗೆಲ್ಲ ಹೊಟ್ಟೆ ಉರೀತದೆ. 2016ರ ಶಸ್ತ್ರಾಸ್ತ್ರ ನಿಯಮ ಬಂದ್ಮೇಲೆ ಹೊಸ ಲೈಸೆನ್ಸಿಗೆ ತರಬೇತಿ ಸರ್ಟಿಫಿಕೇಟ್ ಕೇಳ್ತಾರೆ, ಒಳ್ಳೇದೇ, ಆದ್ರೆ ಒಂದು ಸಲದ ಶಿಬಿರಕ್ಕೆ ಕೈ ಪಳಗಲ್ಲ. ತಿಂಗಳಿಗೆ ಒಂದು ಭಾನುವಾರನಾದ್ರೂ ರೇಂಜ್ ತೆಗೆದು, ನಾಲ್ಕು .22 ರೈಫಲ್ ಇಟ್ಟು, ಹೊಡೆದಷ್ಟು ತೋಟಾದ ದುಡ್ಡು ಅಲ್ಲೇ ಕಟ್ಟಿಸ್ಕೊಂಡ್ರೆ ತಾಲ್ಲೂಕುಗಳಿಂದ ಜನ ಬಸ್ ಹತ್ತಿ ಬರ್ತಾರೆ. ಜಿಲ್ಲಾಡಳಿತಕ್ಕೆ ಮನವಿ ಕೊಡೋಣ ಅಂತಿದೀನಿ, ಲೈಸೆನ್ಸ್ ಇರೋರು, ಹಳೇ ಎನ್‌ಸಿಸಿಯೋರು ಸಹಿ ಹಾಕೋಕೆ ತಯಾರಿದ್ರೆ ಕಾಮೆಂಟಲ್ಲಿ ತಾಲ್ಲೂಕಿನ ಹೆಸರು ಬರೀರಿ.