ಸರಿ ಉತ್ತರಕ್ಕೆ ಕೆಂಪು ಗೀಟು

ನಿನ್ನೆಯಿಂದ ತಲೆ ಕೆಟ್ಟಿದೆ. ತೀರ್ಥಹಳ್ಳಿಯ ಅಣ್ಣನ ಮನೆಗೆ ಹೋಗಿದ್ದೆ. ಹೊರಗೆ ಜಡಿಮಳೆ, ಒಳಗೆ ಕರೆಂಟಿಲ್ಲ. ಸುಮ್ನೆ ಕೂರಲಾಗದೆ ಅವನ ಮಗಳ ವಿಜ್ಞಾನದ ಟೆಸ್ಟ್ ಪೇಪರ್ ತೆರೆದೆ. 'ಜಡಾನಿಲಗಳು ಸಂಯುಕ್ತಗಳನ್ನು ಉಂಟುಮಾಡುತ್ತವೆಯೇ?' ಒಂದು ಅಂಕದ ಪ್ರಶ್ನೆ. ಜಡಾನಿಲ ಅಂದರೆ ಹೀಲಿಯಂ, ನಿಯಾನ್, ಆರ್ಗಾನ್, ಕ್ಸೆನಾನ್ ಥರದ, ಬೇರೆ ಧಾತುಗಳ ಜೊತೆ ಸುಲಭಕ್ಕೆ ಸೇರದ ಅನಿಲಗಳು. ಹುಡುಗಿ ಬರೆದಿದ್ದಾಳೆ: 'ಸಾಮಾನ್ಯವಾಗಿ ಇಲ್ಲ. ಆದರೆ ಕ್ಸೆನಾನ್ ಫ್ಲೋರಿನ್ ಜೊತೆ ಸೇರುತ್ತದೆ.' ಎರಡನೇ ಸಾಲಿಗೆ ಹಾಳೆ ಹರಿಯುವಷ್ಟು ಒತ್ತಿ ಕೆಂಪು ಗೀಟು. ಅಂಕ ಸೊನ್ನೆ. ಪಕ್ಕದಲ್ಲಿ, 'ಪುಸ್ತಕದಲ್ಲಿ ಇರುವುದನ್ನು ಬರೆ.'

ನನ್ನ ಕೆಮಿಸ್ಟ್ರಿ ಹುಚ್ಚು ನಿಮಗೆ ಗೊತ್ತೇ ಇದೆ. ಎಂಎಸ್ಸಿ ಮಾಡಿ ಬಂದು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುತ್ತಾ ಕೂತವನು. ಮೈಲುತುತ್ತ, ಸುಣ್ಣ ಬಿಟ್ಟು ಬೇರೆ ರಸಾಯನ ಮುಟ್ಟಿ ವರ್ಷಗಳಾದವು. ಆದರೂ ಆ ಗೀಟು ನೋಡಿ ಮೈ ಉರಿಯಿತು.

ನೀಲ್ ಬಾರ್ಟ್ಲೆಟ್ ಅನ್ನೋ ರಸಾಯನಶಾಸ್ತ್ರಜ್ಞ ಈ 'ಇಲ್ಲ'ವನ್ನು ಮುರಿದದ್ದು 1962ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಅನ್ನೋ ಪ್ಲಾಟಿನಂ-ಫ್ಲೋರಿನ್ ಸಂಯುಕ್ತ ಆಕ್ಸಿಜನ್ ಅಣುವಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳುವುದನ್ನು ಆತ ನೋಡಿದ್ದ. ಆಕ್ಸಿಜನ್ ಅಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಮೋಲ್‌ಗೆ ಸುಮಾರು 1175 ಕಿಲೋಜೂಲ್ ಬೇಕು. ಕ್ಸೆನಾನ್‌ಗೆ 1170. ಅದು ಆಗೋದಾದರೆ ಇದು ಯಾಕಾಗಬಾರದು? ಇಷ್ಟೇ ಲೆಕ್ಕ. ಆ ಪ್ಲಾಟಿನಂ ಸಂಯುಕ್ತದ ಕಡುಕೆಂಪು ಆವಿಗೆ ಬಣ್ಣವಿಲ್ಲದ ಕ್ಸೆನಾನ್ ಬಿಟ್ಟ. ಕೋಣೆಯ ಉಷ್ಣಾಂಶದಲ್ಲೇ ಹಳದಿ-ಕಿತ್ತಳೆ ಬಣ್ಣದ ಪುಡಿ ಕೂತಿತು, ಕ್ಸೆನಾನ್ ಸೇರಿದ ಸಂಯುಕ್ತ. ಅದೇ ವರ್ಷ ಕ್ಸೆನಾನ್, ಫ್ಲೋರಿನ್ ಎರಡೇ ಸೇರಿದ ಕ್ಸೆನಾನ್ ಟೆಟ್ರಾಫ್ಲೋರೈಡ್ ಕೂಡ ಬಂತು. ಆಕ್ಸಿಜನ್ ಜೊತೆ ಸೇರಿದ ಕ್ಸೆನಾನ್ ಟ್ರೈಆಕ್ಸೈಡ್ ಅಂತೂ ಒಣಗಿದರೆ ಸಿಡಿಯುತ್ತೆ. ಜಡ ಅಂತೆ ಜಡ! 2000ದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿಜ್ಞಾನಿಗಳು ಆರ್ಗಾನ್‌ನನ್ನೂ ಬಿಡಲಿಲ್ಲ. ಸುಮಾರು ಮೈನಸ್ 265 ಡಿಗ್ರಿಯಲ್ಲಿ ಹೈಡ್ರೋಜನ್, ಫ್ಲೋರಿನ್ ಜೊತೆ ಸೇರಿಸಿದರು. ಆಗುಂಬೆಯ ಚಳಿಗೇ ಕಂಬಳಿ ಹುಡುಕುವ ನಮಗೆ ಅದು ಊಹೆಗೂ ಸಿಗಲ್ಲ.

ಅರವತ್ತು ವರ್ಷ ದಾಟಿದ ಸುದ್ದಿ ಇದು. ಅದಕ್ಕೆ ಕೆಂಪು ಗೀಟು!

'ಹತ್ತನೇ ಕ್ಲಾಸಿನ ಮಕ್ಕಳಿಗೆ ಇದೆಲ್ಲ ಜಾಸ್ತಿ ಆಯ್ತು, ಗೊಂದಲ ಆಗುತ್ತೆ' ಎಂದ ಅಣ್ಣ. ಹೀಲಿಯಂ, ನಿಯಾನ್ ಸುಲಭಕ್ಕೆ ಬಗ್ಗಲ್ಲ, ಒಪ್ಪಿದೆ. ಕಲಿಸುವಾಗ ಸರಳ ಮಾಡಲೇಬೇಕು, ಅದನ್ನೂ ಒಪ್ಪಿದೆ. ಆದರೆ ಇಲ್ಲಿ ಗೊಂದಲ ಆಗಿದ್ದು ಯಾರಿಗೆ ಸ್ವಾಮಿ? ಮಗು 'ಸಾಮಾನ್ಯವಾಗಿ' ಎಂದು ಮೊದಲೇ ಬರೆದಿದೆ ಅಲ್ವಾ? ಎಷ್ಟು ಜಾಗರೂಕತೆಯ ಉತ್ತರ! ಹೆಚ್ಚು ಅಂಕ ಕೊಡಬೇಡಿ. ಗೀಟು ಹಾಕದಿದ್ದರೆ ಸಾಕು.

ಇಷ್ಟು ಕೂಗಾಡಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಶಿವಮೊಗ್ಗದಲ್ಲಿ ಓದುವಾಗ ಖರ್ಚಿಗೆ ಟ್ಯೂಷನ್ ಮಾಡುತ್ತಿದ್ದೆ ತಾನೆ? ಆಗ ಒಬ್ಬ ಹುಡುಗ, 'ಸಾರ್, ಜಡಾನಿಲಗಳು ಯಾವುದರ ಜೊತೆಗೂ ಸೇರಲ್ವಾ? ಒಂದೂ?' ಎಂದು ಕೇಳಿದ್ದ. ನನಗೆ ಕ್ಸೆನಾನ್ ಕಥೆ ಪೂರ್ತಿ ಗೊತ್ತಿತ್ತು. ಏಳೂವರೆ ಬಸ್ ತಪ್ಪುತ್ತೆ ಎಂದು, 'ಒಂದೂ ಇಲ್ಲ, ಬರ್ಕೋ' ಎಂದಿದ್ದೆ. ಅವನು ಬರ್ಕೊಂಡ.

ಇಂಥವನು ನಿನ್ನೆ ಪೆನ್ನು ಹಿಡಿದು 'ಪೋಷಕರ ಸಹಿ' ಜಾಗದಲ್ಲಿ 1962ರ ಕಥೆ ಬರೆಯಲು ಹೊರಟಿದ್ದೆ. ಹುಡುಗಿ ಪೇಪರ್ ಕಿತ್ತುಕೊಂಡಳು. 'ಬೇಡ ಚಿಕ್ಕಪ್ಪ, ಮಿಸ್ ನಂಗೇ ಬೈತಾರೆ. ಮುಂದಿನ ಸಲ ಇಲ್ಲ ಅಂತಲೇ ಬರೀತೀನಿ ಬಿಡು.'