ಫೈಲ್ ಬಂತು ಸರಿ, ಅಲರ್ಜಿ ಎಲ್ಲಿ?

ಇಂಗ್ಲೆಂಡಿಗೆ ಬಂದ ನಮ್ಮವರು ಮೊದಲು ಬೈಯೋದು ಇಲ್ಲಿನ ಜಿಪಿ ವ್ಯವಸ್ಥೆಯನ್ನು. ಜಿಪಿ ಅಂದರೆ ನಾವು ಹೆಸರು ಬರೆಸಿಕೊಳ್ಳುವ ನಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರ್. ಡಾಕ್ಟರ್ ಬೇಗ ಸಿಗಲ್ಲ, ಸ್ಪೆಷಲಿಸ್ಟ್ ಹತ್ತಿರ ನೇರವಾಗಿ ಹೋಗೋ ಹಾಗಿಲ್ಲ, ಎಲ್ಲದಕ್ಕೂ ಕಾಯಬೇಕು. ನಾನೂ ಸಾಕಷ್ಟು ಬೈದಿದ್ದೇನೆ. ಆದರೆ ಒಂದು ವಿಷಯಕ್ಕೆ ಇವರಿಗೆ ಮಾರ್ಕ್ಸ್ ಕೊಡಲೇಬೇಕು. ಊರು ಬಿಟ್ಟು ಊರಿಗೆ ಹೋಗಿ ಹೊಸ ಜಿಪಿ ಹತ್ತಿರ ಹೆಸರು ಬರೆಸಿದರೆ, ಹಳೇ ಜಿಪಿ ಹತ್ತಿರ ಇದ್ದ ನಮ್ಮ ದಾಖಲೆ ತಾನಾಗಿಯೇ ಹಿಂದೆ ಬರುತ್ತದೆ. ನಾವು ಕೇಳಬೇಕಿಲ್ಲ, ಜೆರಾಕ್ಸ್ ಮಾಡಿಸಬೇಕಿಲ್ಲ.

ನಮ್ಮ ಕಡೆ ಹೇಗೆ ಅಂತ ಹೇಳಬೇಕಾ? ಪ್ಲಾಸ್ಟಿಕ್ ಕವರಿನಲ್ಲಿ ಚೀಟಿ, ಎಕ್ಸ್‌ರೇ, ಲ್ಯಾಬ್ ರಿಪೋರ್ಟು ಎಲ್ಲ ತುಂಬಿಕೊಂಡು ರೋಗಿಯೇ ಹೊತ್ತು ತಿರುಗಬೇಕು. ಕವರ್ ಮನೆಯಲ್ಲಿ ಮರೆತರೆ ಇತಿಹಾಸವೂ ಮನೆಯಲ್ಲೇ.

ಇಲ್ಲಿ ಈ ಅಭ್ಯಾಸ ಕಂಪ್ಯೂಟರ್‌ಗಿಂತ ಹಳೇದು. 1911ರ ನ್ಯಾಷನಲ್ ಇನ್ಶೂರೆನ್ಸ್ ಕಾಯ್ದೆ ತಂದ ಮಂತ್ರಿ ಲಾಯ್ಡ್ ಜಾರ್ಜ್ ಹೆಸರಿನಲ್ಲೇ ಒಂದು ದಪ್ಪ ಕಾಗದದ ಲಕೋಟೆ ಬಂತು. ರೋಗಿ ಎಲ್ಲಿಗೆ ಹೋದರೂ ಅದು ಅವನ ಡಾಕ್ಟರ್ ಹತ್ತಿರ ಹೋಗುತ್ತಿತ್ತು. ಹೊಸಬರಿಗೆ ಆ ಲಕೋಟೆ ಮಾಡೋದನ್ನು ನಿಲ್ಲಿಸಿದ್ದು 2021ರಲ್ಲಿ, ಅಂದರೆ ಮೊನ್ನೆ ಮೊನ್ನೆ!

ಈಗ ಆ ಕೆಲಸ ಮಾಡೋದು ಜಿಪಿ-ಟು-ಜಿಪಿ ಅನ್ನೋ ವ್ಯವಸ್ಥೆ. ಹೊಸ ಕ್ಲಿನಿಕ್‌ನವರು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಕೊಟ್ಟಿರುವ ನಮ್ಮ 10 ಅಂಕಿಯ ಎನ್‌ಎಚ್‌ಎಸ್ ನಂಬರ್ ಹಿಡಿದು ಹೆಸರು ಸೇರಿಸಿದ ಕೂಡಲೇ ಅವರ ಸಾಫ್ಟ್‌ವೇರ್ ಹಳೇ ಕ್ಲಿನಿಕ್ಕಿನ ಸಾಫ್ಟ್‌ವೇರನ್ನು ಕೇಳುತ್ತದೆ, ಅದು ಇದ್ದದ್ದೆಲ್ಲ ಕಟ್ಟಿ ಕಳಿಸುತ್ತದೆ. ಎರಡು ಕಡೆ ಒಂದೇ ಕಂಪನಿಯ ಸಾಫ್ಟ್‌ವೇರ್ ಇರಬೇಕು ಅಂತಿಲ್ಲ. ಒಬ್ಬರ ಹತ್ತಿರ ಎಮಿಸ್, ಇನ್ನೊಬ್ಬರ ಹತ್ತಿರ ಸಿಸ್ಟಮ್‌ಒನ್ ಇದ್ದರೂ ನಡೆಯುತ್ತದೆ.

ಕೇಳೋಕೆ ಚೆನ್ನಾಗಿದೆ ಅಲ್ವಾ? ಒಳಗೆ ಇಣುಕಿದರೆ ತಮಾಷೆ ಶುರುವಾಗುತ್ತದೆ. ಮೊದಮೊದಲು ಕಳಿಸುವ ಕಟ್ಟು 5 ಎಂಬಿ ದಾಟಿದರೆ, ಅಥವಾ ಅದರಲ್ಲಿ 99ಕ್ಕಿಂತ ಜಾಸ್ತಿ ಅಟ್ಯಾಚ್‌ಮೆಂಟ್ ಇದ್ದರೆ, ಹೋಗುತ್ತಲೇ ಇರಲಿಲ್ಲ. ದಪ್ಪ ಫೈಲ್ ಇರೋದು ಯಾರದ್ದು? ವರ್ಷಗಟ್ಟಲೆ ಕಾಯಿಲೆ ಇದ್ದವರದ್ದು. ಆರೋಗ್ಯವಾಗಿದ್ದ ಹುಡುಗನ ಫೈಲ್ ಸಲೀಸಾಗಿ ಬರುತ್ತಿತ್ತು, ಯಾರಿಗೆ ನಿಜವಾಗಿ ಬೇಕೋ ಅವರದ್ದೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆಮೇಲೆ ಅದನ್ನು ಸರಿ ಮಾಡಿದರು.

ಅದಕ್ಕಿಂತ ದೊಡ್ಡ ತಲೆನೋವು ಕೋಡುಗಳದ್ದು. ಟೈಪ್ 2 ಸಕ್ಕರೆ ಕಾಯಿಲೆ ಅಂತ ಡಾಕ್ಟರ್ ಟೈಪ್ ಮಾಡಿದಾಗ ಕಂಪ್ಯೂಟರ್ ಒಂದು ಕೋಡ್ ಇಟ್ಟುಕೊಳ್ಳುತ್ತದೆ. ಇಲ್ಲಿ ರೀಡ್ ಕೋಡ್ ಅಂತ ಇತ್ತು, ಅದರಲ್ಲೂ ಎರಡು ಅವತಾರ. ಒಂದರಲ್ಲಿ ಈ ಕಾಯಿಲೆ ಸಿ10ಎಫ್, ಇನ್ನೊಂದರಲ್ಲಿ ಎಕ್ಸ್40ಜೆ5. ಒಂದೇ ದೇಶ, ಒಂದೇ ಕಾಯಿಲೆ, ಒಂದೇ ಎನ್‌ಎಚ್‌ಎಸ್! 2018ರಿಂದ ಜಿಪಿಗಳನ್ನು ಸ್ನೊಮೆಡ್ ಅನ್ನೋ ಅಂತರರಾಷ್ಟ್ರೀಯ ಕೋಡ್ ಪಟ್ಟಿಗೆ ತಂದರು, ಈಗ ಎಲ್ಲ ಕಡೆ ಅದು 44054006.

ಅಲರ್ಜಿ ಮತ್ತು ಔಷಧಿ ವಿಷಯದಲ್ಲಿ ಇನ್ನೂ ಸೂಕ್ಷ್ಮ. ಕಳಿಸಿದ ಸಾಫ್ಟ್‌ವೇರಿನಲ್ಲಿರುವ ಔಷಧಿ ಪಟ್ಟಿಗೂ ಪಡೆದ ಸಾಫ್ಟ್‌ವೇರಿನ ಪಟ್ಟಿಗೂ ತಾಳೆ ಆಗದಿದ್ದರೆ, ಪೆನ್ಸಿಲಿನ್ ಅಲರ್ಜಿ ಅನ್ನೋದು ಬರೀ ಅಕ್ಷರವಾಗಿ ಬಂದು ಕೂರುತ್ತದೆ. ಮನುಷ್ಯ ಓದಬಹುದು, ಆದರೆ ಅದು ಅಲರ್ಜಿ ಅಂತ ಕಂಪ್ಯೂಟರಿಗೆ ಗೊತ್ತಾಗಲ್ಲ. ನಾಳೆ ಯಾರಾದರೂ ಪೆನ್ಸಿಲಿನ್ ಜಾತಿಯದ್ದೇ ಆದ ಅಮಾಕ್ಸಿಸಿಲಿನ್ ಬರೆದರೆ ಎಚ್ಚರಿಕೆ ಕೊಡಬೇಕಾದದ್ದೇ ಅದು ತಾನೇ. ಅದಕ್ಕೆ ಕ್ಲಿನಿಕ್ಕಿನವರು ಒಂದೊಂದನ್ನೂ ನೋಡಿ ಮತ್ತೆ ಕೈಯಾರೆ ಸೇರಿಸಬೇಕು. ಲಕೋಟೆಯ ಅಳತೆ ಎಲ್ಲರಿಗೂ ಒಂದೇ ಮಾಡಿ, ಒಳಗಿನ ಪತ್ರ ಯಾವ ಲಿಪಿಯಲ್ಲಾದರೂ ಇರಲಿ ಅಂತ ಬಿಟ್ಟರೆ ಹೀಗೇ ಆಗೋದು.

ಈಗ ಭಾರತಕ್ಕೆ ಬರೋಣ. ನಮ್ಮಲ್ಲಿ ಏನೂ ಇಲ್ಲ ಅಂತ ಮೂಗು ಮುರಿಯುವವರಿಗೆ ನಾನು ಹೇಳೋದು, ಕಾಗದದ ಮೇಲಿನ ವಿನ್ಯಾಸ ನೋಡಿದರೆ ನಮ್ಮದೇ ಹೊಸದು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಶುರುವಾಗಿದ್ದು 2021ರ ಸೆಪ್ಟೆಂಬರಿನಲ್ಲಿ. ಅದರಲ್ಲಿ ರೋಗಿಯ ಗುರುತಿಗೆ 14 ಅಂಕಿಯ ಆಭಾ ನಂಬರ್. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ, ರೋಗಿ ಒಪ್ಪಿದಾಗ ಮಾತ್ರ ಇನ್ನೊಬ್ಬರಿಗೆ ಹೋಗುತ್ತದೆ. ಇಂಗ್ಲೆಂಡಿನ ಜಿಪಿ-ಟು-ಜಿಪಿ ಆರೋಗ್ಯ ದಾಖಲೆ ಕಳಿಸುವ ಮಾನದಂಡ ರೂಪಿಸುವ ಎಚ್‌ಎಲ್7 ಸಂಸ್ಥೆಯ ಹಳೇ ಆವೃತ್ತಿ 3ರ ಮೇಲೆ ನಿಂತಿದ್ದರೆ, ನಮ್ಮದು ಅದೇ ಸಂಸ್ಥೆಯ ಹೊಸ ಮಾನದಂಡ ಫೈರ್ ಮೇಲೆ ನಿಂತಿದೆ. ಇಲ್ಲಿನ ಹಾಗೆ ಒಬ್ಬ ಡಾಕ್ಟರ್ ಹತ್ತಿರ ಹೆಸರು ಬರೆಸಿಕೊಂಡು ಕೂರುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಪೂರ್ತಿ ಫೈಲ್ ಯಾರಿಗೆ ಕಳಿಸೋದು? ಬೇಕಾದಾಗ ಬೇಕಾದ್ದು ಕೇಳಿ ತರಿಸಿಕೊಳ್ಳುವ ದಾರಿಯೇ ನಮಗೆ ಸರಿ, ಪೂರ್ತಿ ಫೈಲ್ ಕಳಿಸುವ ಪದ್ಧತಿಯನ್ನು ಇಲ್ಲಿಂದ ನಕಲು ಮಾಡದೇ ಇದ್ದದ್ದು ಒಳ್ಳೇದೇ ಆಯ್ತು.

ತೊಂದರೆ ಇರೋದು ಒಳಗೆ ಏನು ತುಂಬುತ್ತಾರೆ ಅನ್ನೋದರಲ್ಲಿ. ಫೈರ್ ಕಟ್ಟಿನೊಳಗೆ ಒಂದು ಪಿಡಿಎಫ್ ತುರುಕಿದರೂ ನಡೆಯುತ್ತದೆ. ನಿಯಮದ ಪ್ರಕಾರ ದಾಖಲೆ ಹೋಯಿತು, ಲೆಕ್ಕಕ್ಕೂ ಸೇರಿತು. ಆ ಪಿಡಿಎಫ್‌ನಲ್ಲಿ ಊಟಕ್ಕೆ ಮುಂಚಿನ ಸಕ್ಕರೆ 126 ಅಂತ ಇರುತ್ತದೆ. ಇಲ್ಲಿನ ಡಾಕ್ಟರಿಗೆ ತೋರಿಸಿದರೆ ಅವರ ಲೆಕ್ಕದಲ್ಲಿ ಅದು 7.0, ಯಾಕಂದ್ರೆ ಇವರು ಮಿಲಿಮೋಲ್‌ನಲ್ಲಿ ಅಳೆಯುತ್ತಾರೆ, ನಾವು ಮಿಲಿಗ್ರಾಮ್‌ನಲ್ಲಿ. ಮೂರು ತಿಂಗಳ ಸಕ್ಕರೆ ನಮ್ಮಲ್ಲಿ 7.2 ಪರ್ಸೆಂಟ್ ಆದರೆ ಇಲ್ಲಿ 55. ಸಂಖ್ಯೆಯ ಜೊತೆ ಯಾವ ಪರೀಕ್ಷೆ, ಯಾವ ಅಳತೆ ಅನ್ನೋ ಕೋಡ್ ಬಂದರೆ ಕಂಪ್ಯೂಟರೇ ಬದಲಾಯಿಸಿಕೊಂಡು ಹಳೇದರ ಜೊತೆ ಗ್ರಾಫ್ ಹಾಕಿ ತೋರಿಸುತ್ತದೆ. ಪಿಡಿಎಫ್ ಬಂದರೆ ಡಾಕ್ಟರ್ ಕಣ್ಣು ಕಿರಿದು ಮಾಡಿ ಓದಬೇಕು, ಅಷ್ಟೇ.

ಪರೀಕ್ಷೆಗಳಿಗೆ ಲಾಯಿಂಕ್ ಅನ್ನೋ ಕೋಡ್ ಪಟ್ಟಿ, ಕಾಯಿಲೆಗಳಿಗೆ ಸ್ನೊಮೆಡ್ ಬಳಸಿ ಅಂತ ನಮ್ಮ 2016ರ ಇಎಚ್‌ಆರ್, ಅಂದರೆ ಕಂಪ್ಯೂಟರ್ ಆರೋಗ್ಯ ದಾಖಲೆಯ ಮಾನದಂಡದಲ್ಲೇ ಬರೆದಿದೆ. ಸ್ನೊಮೆಡ್ ಭಾರತದಲ್ಲಿ ಬಳಸೋಕೆ ದುಡ್ಡೂ ಕೊಡಬೇಕಿಲ್ಲ. ಆದರೂ ಸಾಫ್ಟ್‌ವೇರ್ ಮಾರುವವನು ಯಾಕೆ ತಲೆ ಕೆಡಿಸಿಕೊಳ್ಳಬೇಕು? ದಾಖಲೆ ಸುಲಭವಾಗಿ ಹೊರಗೆ ಹೋದರೆ ಗಿರಾಕಿಯೂ ಸುಲಭವಾಗಿ ಹೊರಗೆ ಹೋಗುತ್ತಾನೆ. ಈ ಲೆಕ್ಕಾಚಾರ ಎಲ್ಲ ದೇಶದಲ್ಲೂ ಒಂದೇ. ಅಮೆರಿಕದವರು 2016ರ ಕ್ಯೂರ್ಸ್ ಕಾಯ್ದೆಯಲ್ಲಿ ದಾಖಲೆಗೆ ಅಡ್ಡಗಾಲು ಹಾಕೋದನ್ನೇ ತಪ್ಪು ಅಂತ ಮಾಡಿದರು. ಬ್ರಿಟನ್ನಿನವರು 2025ರ ಡೇಟಾ ಕಾಯ್ದೆಯಲ್ಲಿ ಆರೋಗ್ಯ ಸಾಫ್ಟ್‌ವೇರ್ ಮಾರುವ ಕಂಪನಿಗಳಿಗೇ ಮಾನದಂಡ ಕಡ್ಡಾಯ ಮಾಡೋ ಅಧಿಕಾರ ತೆಗೆದುಕೊಂಡರು. ಅಷ್ಟು ವರ್ಷ ಡಾಕ್ಟರುಗಳ ಮೇಲೆ ಒತ್ತಡ ಹಾಕಿ, ಕೊನೆಗೆ ಸರಿಯಾದ ಬಾಗಿಲು ತಟ್ಟಿದರು ಅನ್ನಿ.

ನಮ್ಮಲ್ಲಿ ವೈದ್ಯರ ನಡವಳಿಕೆಯ 2002ರ ನಿಯಮ ಇದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅನ್ನುತ್ತದೆ, ಬೇಗ ಹುಡುಕಲು ಆಗುವ ಹಾಗೆ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಲು ಪ್ರಯತ್ನಿಸಿ ಅಂತಲೂ ಅನ್ನುತ್ತದೆ. ಯಾವ ರೂಪದಲ್ಲಿ ಕೊಡಬೇಕು ಅನ್ನೋ ಮಾತಿಲ್ಲ, ಸಾಫ್ಟ್‌ವೇರ್ ಕಂಪನಿಯ ಸುದ್ದಿಯೇ ಇಲ್ಲ. ಅಲರ್ಜಿ, ಈಗ ತೆಗೆದುಕೊಳ್ಳುತ್ತಿರುವ ಔಷಧಿ, ಲ್ಯಾಬ್ ಫಲಿತಾಂಶ, ಈ ಮೂರನ್ನಾದರೂ ಕೋಡ್ ಸಮೇತ ಕೊಡದ ಸಾಫ್ಟ್‌ವೇರನ್ನು ಆಸ್ಪತ್ರೆಗೆ ಮಾರುವ ಹಾಗಿಲ್ಲ ಅಂತ ಮೊದಲು ಬರೆಯಲಿ. ಉಳಿದದ್ದು ಪಿಡಿಎಫ್‌ನಲ್ಲೇ ಬರಲಿ ಬಿಡಿ, ನನ್ನ ತಕರಾರಿಲ್ಲ.