ಹೆಡ್ ಯಾರು, ಹೆಡ್ಡಿ ಯಾರು?

ಹದಿನಾಲ್ಕು ಪುಟ, ಎಲ್ಲಾ ಕೆಂಪು ಇಂಕು. ಬೆಳಿಗ್ಗೆ ಸರ್ ನನ್ನ ಮೇಜಿನ ಮೇಲಿಟ್ಟು, "ನಿನ್ನ ಗಿಟ್‌ನಿಂದ ಏನೂ ಗಿಟ್ಟಲಿಲ್ಲ, ಇದನ್ನ ಟೈಪ್ ಮಾಡಮ್ಮ" ಅಂದು ಹೋದರು.

ಮಂಡ್ಯದ ಬೆಲ್ಲ ಮಳೆಗಾಲದಲ್ಲಿ ತೇವ ಹೀರಿ ಹೇಗೆ ನೀರು ಬಿಡುತ್ತದೆ ಅಂತ ಮೈಸೂರಿನ ನಮ್ಮ ಲ್ಯಾಬಿನಲ್ಲಿ ಐದು ಜನ ಸೇರಿ ಪೇಪರ್ ಬರೆಯುತ್ತಿದ್ದೇವೆ. ವಾಟ್ಸಾಪಿನಲ್ಲಿ ಏಳು ಫೈಲು ಓಡಾಡಿ, ಯಾವುದು ಹೊಸದು ಅಂತ ತಲೆ ಕೆಟ್ಟು, ಯಾರು ಯಾವಾಗ ಏನು ತಿದ್ದಿದರು ಅಂತ ಲೆಕ್ಕ ಇಡುವ ಗಿಟ್ ಅನ್ನೋ ಸಾಫ್ಟ್‌ವೇರ್ ಕಲಿಸ್ತೀನಿ ಅಂತ ನಾನೇ ಮುಂದೆ ಬಂದೆ. ಬೇಕಿತ್ತಾ ನನಗೆ? 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಮಾಡಿದ್ದು ಲಿನಕ್ಸ್ ಕರ್ನಲ್, ಅಂದರೆ ಕಂಪ್ಯೂಟರ್ ನಡೆಸುವ ತಂತ್ರಾಂಶದ ತಿರುಳು, ಬರೆಯುವವರಿಗೆ. ಅಲ್ಲಿ ಸಾವಿರಾರು ಜನ ಹೊಂದಿಕೊಂಡು ಹೋಗುತ್ತಾರೆ. ಇಲ್ಲಿ ಐದೇ ಜನ.

ಗಿಟ್ ನೋಡುವುದು ಸಾಲು ಸಾಲಾಗಿ. ಅದಕ್ಕೇ "ಒಂದು ವಾಕ್ಯಕ್ಕೆ ಒಂದು ಸಾಲು" ಅಂತ ಬೋರ್ಡಿನ ಮೇಲೆ ದಪ್ಪಗೆ ಬರೆದಿದ್ದೆ. ಯಾರು ಕೇಳ್ತಾರೆ? ಇಡೀ ಪ್ಯಾರಾ ಒಂದೇ ಸಾಲು. ಇಬ್ಬರು ಒಂದೊಂದು ಕಾಮಾ ಮುಟ್ಟಿದರೂ ಪ್ಯಾರಾಕ್ಕೆ ಪ್ಯಾರಾನೇ ಕಾನ್‌ಫ್ಲಿಕ್ಟ್. ಆಗ ಯಾರದ್ದು ಇಟ್ಟುಕೊಳ್ಳಬೇಕೋ ಗೊತ್ತಾಗದೆ ಗಿಟ್ ಇಬ್ಬರದನ್ನೂ ಮೇಲೆ ಕೆಳಗೆ ಇಟ್ಟು, ನಡುವೆ ಗೆರೆ ಎಳೆದು, ನೀವೇ ನೋಡ್ಕೊಳ್ಳಿ ಅಂತ ಕೈತೊಳೆದುಕೊಳ್ಳುತ್ತದೆ. ಮೇಲಿನದಕ್ಕೆ ಏಳು ಬಾಣದ ಗುರುತು, ಪಕ್ಕದಲ್ಲಿ "ಹೆಡ್".

ಈ ಹೆಡ್ಡೇ ನನ್ನ ತಲೆ ತಿಂದಿದ್ದು.

ನಮ್ಮ ಸರ್ ವಿಭಾಗದ ಹೆಡ್. ಭಾನುವಾರ ಇಡೀ ಕೂತು ತಿದ್ದಿದ್ದರು. ಅದೇ ದಿನ ಮಂಡ್ಯಣ್ಣನೂ (ಊರು ಮಂಡ್ಯ, ನಾವಿಟ್ಟ ಹೆಸರು) ಅಲ್ಲಲ್ಲಿ ಕೈಯಾಡಿಸಿದ್ದರು. ಸೋಮವಾರ ಇಬ್ಬರದನ್ನೂ ಸೇರಿಸುವಾಗ ಮಂಡ್ಯಣ್ಣನ ಕಂಪ್ಯೂಟರಿನಲ್ಲಿ ಇಪ್ಪತ್ತಮೂರು ಕಾನ್‌ಫ್ಲಿಕ್ಟ್. ನನ್ನನ್ನು ಕರೆಯಲಿಲ್ಲ.

"ನಿಮಗ್ಯಾಕೆ ತೊಂದ್ರೆ ಅಂತ ನಾನೇ ಸರಿ ಮಾಡ್ಬುಟ್ಟೆ ಕಣವ್ವ."

"ಹೇಗೆ?"

"ಹೆಡ್ ಅಂತ ಇದ್ದದ್ದೆಲ್ಲಾ ಇಟ್ಕಂಡೆ. ಮಿಕ್ಕಿದ್ದು ತೆಗೆದ್ಬುಟ್ಟೆ. ಹೆಡ್ ಮಾತು ಮೀರಕ್ಕಾಗ್ತದಾ?"

ಗಿಟ್‌ನಲ್ಲಿ ಹೆಡ್ ಅಂದರೆ ವಿಭಾಗದ ಮುಖ್ಯಸ್ಥರಲ್ಲ. ನಾವು ಸದ್ಯ ನಿಂತಿರುವ ಜಾಗ, ಅಷ್ಟೇ. ಅವರ ಕಂಪ್ಯೂಟರಿನಲ್ಲಿ ಅದು ಅವರದೇ ಬರಹ. ಹೆಡ್ ಮೇಲಿನ ಗೌರವಕ್ಕೆ ಹೆಡ್ ತಿದ್ದಿದ್ದನ್ನೆಲ್ಲಾ ಹುಡುಕಿ ಹುಡುಕಿ ಅಳಿಸಿದ್ದರು. ಇಪ್ಪತ್ತಮೂರರಲ್ಲಿ ಒಂದೂ ಬಿಟ್ಟಿರಲಿಲ್ಲ. ಕಮಿಟ್‌ನ (ಗಿಟ್ಟಿನಲ್ಲಿ ಉಳಿಸಿಟ್ಟ ಆವೃತ್ತಿ) ಜೊತೆ ಬರೆದ ಟಿಪ್ಪಣಿ: "ಮಾನ್ಯರ ಆದೇಶದಂತೆ."

ಕೊನೆಗೆ ಹೆಡ್ಡಿ ಆಗಿದ್ದು ಕಲಿಸಿದ ನಾನು. "ಏನೂ ಹೋಗಿಲ್ಲ ಸರ್, ಹಿಂದಿನ ಕಮಿಟ್‌ನಲ್ಲಿ ಹಾಗೇ ಇದೆ, ಎರಡು ನಿಮಿಷ" ಅಂತ ಬಾಗಿಲ ತನಕ ಹೇಳಿಕೊಂಡು ಹೋದೆ. ಸರ್ ಪ್ರಿಂಟ್ ತೆಗೆಸಿಕೊಂಡು ಮನೆಗೆ ಹೊರಟೇಬಿಟ್ಟರು.

ನನ್ನ ಥೀಸಿಸ್ ತಿದ್ದಿದ್ದೂ ಇದೇ ಕೈ. ಬೆಳಿಗ್ಗೆ ಕೊಟ್ಟ ಪ್ರಿಂಟಿನ ಮೂರನೇ ಪುಟದ ಅಂಚಿನಲ್ಲಿ ಕಾಫಿ ಲೋಟದ ಉಂಗುರ, ಪಕ್ಕದಲ್ಲಿ "ಉಸಿರು ಕಟ್ಟುತ್ತೆ, ವಾಕ್ಯ ಮುರಿ" ಅಂತ ಓರೆ ಅಕ್ಷರ. ಆಗಲೂ ಹೀಗೇ ಬರೆಯುತ್ತಿದ್ದರು. ಒಂದು ಗಳಿಗೆ ಸಿಟ್ಟು ಇಳಿಯಿತು. ಲೋಟದ ಉಂಗುರ ಗಿಟ್‌ನಲ್ಲಿ ಉಳಿಯಲ್ಲ ಅಲ್ವಾ.

ಆಮೇಲೆ ಸುಮ್ನೆ ಇರಲಾರದೆ ಹಳೇ ಕಮಿಟ್ ತೆಗೆದು ಪಕ್ಕ ಇಟ್ಟು ನೋಡಿದೆ. ಭಾನುವಾರ ಸರ್ ಹೊಡೆದುಹಾಕಿದ್ದ ವಾಕ್ಯದ ಪಕ್ಕ ಈಗ ಕೆಂಪಿನಲ್ಲಿ "ಚೆನ್ನಾಗಿದೆ" ಅಂತಿದೆ. ಫೋನ್ ಮಾಡಿದೆ. ಯಾವುದು ಇಟ್ಕೊಳ್ಳಲಿ ಸರ್?

"ಮಂಡ್ಯಣ್ಣನ್ನ ಕೇಳಮ್ಮ. ಈಗ ಅವರೇ ಅಲ್ವಾ ಹೆಡ್ಡು?"